ಆರೆಕೀರೆಯ ಕರಿಕಾಳು

2018ರ ಫೆಬ್ರವರಿ. ಆಗ ನಾನು ಕೊಳ್ಳೇಗಾಲದ ಒಂದು ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥ. ಮುಖ್ಯಸ್ಥ ಅಂದರೆ ದೊಡ್ಡ ಮಾತೇನಲ್ಲ. ವಿಭಾಗದಲ್ಲಿ ಕಾಯಂ ಆಗಿದ್ದವನು ನಾನೊಬ್ಬನೇ. ಜೊತೆಗೆ ಇಬ್ಬರು ಅತಿಥಿ ಉಪನ್ಯಾಸಕರು, ಎರಡು ಮೈಕ್ರೋಸ್ಕೋಪು, ಬೀರುವಿನ ತುಂಬ ಫಾರ್ಮಲಿನ್ ಜಾಡಿಗಳು, ಅವುಗಳಿಗಿಂತಲೂ ಹಳಬನಾದ ಅಟೆಂಡರ್ ಜವರಯ್ಯ. ನನ್ನ ನಿವೃತ್ತಿಗೆ ಇನ್ನೆರಡು ವರ್ಷ ಬಾಕಿ ಇತ್ತು.

ಪಾಠದ ಜೊತೆಗೆ ನನಗೆ ಇನ್ನೊಂದು ಕೆಲಸ ಅಂಟಿಕೊಂಡಿತ್ತು. ಯಾರೂ ಆದೇಶ ಮಾಡಿ ಕೊಟ್ಟದ್ದಲ್ಲ, ಹಾಗೇ ಬೆಳೆದುಬಂದದ್ದು. ಸುತ್ತಲಿನ ಊರುಗಳವರು, ಕೆಲವೊಮ್ಮೆ ಕಚೇರಿಗಳವರು, ಯಾವುದಾದರೂ ಸೊಪ್ಪೋ ಬೇರೋ ತೊಗಟೆಯೋ ತಂದು ಮೇಜಿನ ಮೇಲೆ ಇಟ್ಟು "ಇದ್ಯಾವ್ದು ಅಂತ ಒಸಿ ಏಳಿ ಸಾ" ಅನ್ನುತ್ತಿದ್ದರು. ನೋಡಿ ಹೇಳುತ್ತಿದ್ದೆ. ಕಚೇರಿಯವರಾದರೆ ಕಾಲೇಜಿನ ಮೊಹರು ಹಾಕಿ ಅರ್ಧ ಪುಟದ ಅಭಿಪ್ರಾಯ ಪತ್ರ ಬರೆದುಕೊಡುತ್ತಿದ್ದೆ. ಇಪ್ಪತ್ತಾರು ವರ್ಷದಲ್ಲಿ ಅಂಥ ಪತ್ರ ಎಷ್ಟು ಬರೆದೆನೋ ಲೆಕ್ಕ ಇಟ್ಟಿಲ್ಲ. ಆದರೆ ಒಂದನ್ನು ಎರಡು ಸಲ ಬರೆಯಬೇಕಾಗಿ ಬಂತು. ಅದರ ಕಥೆ ಇದು.

ಆ ತಿಂಗಳ ಎರಡನೇ ವಾರ ಆರೋಗ್ಯ ನಿರೀಕ್ಷಕ ನಾಗೇಂದ್ರ ಬಂದರು. ನನ್ನ ಹಳೆಯ ವಿದ್ಯಾರ್ಥಿ, ಮಾತು ಕಡಿಮೆ, ಕೆಲಸ ಶಿಸ್ತು. ಕೈಯಲ್ಲಿ ಎರಡು ಪೊಟ್ಟಣ. ಒಂದರ ಮೇಲೆ ಪೆನ್ನಿನಲ್ಲಿ 'ಅ', ಇನ್ನೊಂದರ ಮೇಲೆ 'ಆ' ಎಂದು ಬರೆದಿದ್ದರು.

ಅವರು ಹೇಳಿದ ಸಂಗತಿ ಹೀಗೆ. ಕಾಮಗೆರೆಯಲ್ಲಿ ಹಿಟ್ಟಿನ ಗಿರಣಿ ಇಟ್ಟಿರುವ ಸಿದ್ದರಾಜು ಎಂಬವರ ಮನೆಯಲ್ಲಿ ಹೆಂಡತಿ ಮತ್ತು ತಾಯಿ ಇಬ್ಬರಿಗೂ ವಾಂತಿ ಭೇದಿ ಆಗಿ, ಎರಡು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮನೆಗೆ ಬಂದಿದ್ದರು. ಸಿದ್ದರಾಜು ಆ ದಿನ ಯಳಂದೂರಿಗೆ ನೆಂಟರ ಮನೆಗೆ ಹೋಗಿದ್ದರಿಂದ ಮನೆಯಲ್ಲಿ ಉಂಡಿರಲಿಲ್ಲ. ಅವರಿಗೆ ಏನೂ ಆಗಲಿಲ್ಲ. ಹಿಂದಿನ ದಿನ ಹನೂರು ಸಂತೆಯಲ್ಲಿ ಹೆಂಡತಿ ಒಂದು ಬಗೆಯ ಸೊಪ್ಪು ತಂದಿದ್ದಳು. ಮೂರು ಕಟ್ಟು ತಂದು ಎರಡು ಬೇಯಿಸಿ, ಒಂದು ಉಳಿಸಿದ್ದಳು. ಸೊಪ್ಪು ತೊಳೆದ ಬೋಗುಣಿಯ ತಳದಲ್ಲಿ ಮೆಣಸಿನ ಗಾತ್ರದ ಕರಿಕಾಳುಗಳು ಬಿದ್ದದ್ದನ್ನು ಅವಳು ಕಂಡಿದ್ದಳು. ಕಾಯಿಲೆ ಆದಮೇಲೆ ಆ ಕಾಳುಗಳ ನೆನಪು ದೊಡ್ಡದಾಯಿತು. ಉಳಿದ ಕಟ್ಟಿನ ಸೊಪ್ಪು 'ಅ' ಪೊಟ್ಟಣದಲ್ಲಿತ್ತು. ಅದನ್ನು ಒದರಿದಾಗ ಉದುರಿದ, ಬೋಗುಣಿಯ ತಳದಲ್ಲಿ ಸಿಕ್ಕಿದ ಕಾಳುಗಳು ಒಟ್ಟು ಹನ್ನೊಂದು, 'ಆ' ಪೊಟ್ಟಣದಲ್ಲಿದ್ದವು.

"ಸೊಪ್ಪು ಯಾವುದು, ಬೀಜ ಯಾವುದು, ಎರಡಕ್ಕೂ ಬೇರೆ ಬೇರೆ ಉತ್ತರ ಬೇಕು ಸರ್" ಎಂದರು ನಾಗೇಂದ್ರ.

ನಾನು ಎರಡಕ್ಕೂ ಬೇರೆ ಬೇರೆ ಉತ್ತರ ಕೊಟ್ಟೆ. ತಪ್ಪು ಅಲ್ಲೇ ಆದದ್ದು.

'ಅ' ಪೊಟ್ಟಣ ಬಿಚ್ಚಿದ ಕೂಡಲೇ ಗೊತ್ತಾಯಿತು. ಬಾಡಿದ್ದರೂ ಗುರುತು ತಪ್ಪುವ ಸೊಪ್ಪಲ್ಲ ಅದು. ಸಣ್ಣ ದಂಟಿನ ತುದಿಯಲ್ಲಿ ನಾಲ್ಕು ಎಲೆ, ಕೊಡೆ ಬಿಚ್ಚಿದಂತೆ. ಮಾರ್ಸಿಲಿಯ. ಕೆರೆಯಂಚಿನಲ್ಲಿ, ಗದ್ದೆ ಬದುವಿನಲ್ಲಿ ಬೆಳೆಯುತ್ತದೆ. ಹನೂರಿನಾಚೆ ತಮಿಳು ಕನ್ನಡ ಬೆರೆತ ಊರುಗಳಲ್ಲಿ ಇದನ್ನು ಆರೆಕೀರೆ ಅನ್ನುತ್ತಾರೆ, ಬೇಳೆ ಹಾಕಿ ಸಾರು ಮಾಡುತ್ತಾರೆ. ಮೂರು ತಲೆಮಾರು ತಿಂದವರು ಇದ್ದಾರೆ.

ಇಲ್ಲಿ ಸ್ವಲ್ಪ ಶಾಸ್ತ್ರ ಹೇಳಬೇಕು. ಇಲ್ಲದಿದ್ದರೆ ನಾನು ಎಡವಿದ ಜಾಗ ನಿಮಗೆ ಕಾಣುವುದಿಲ್ಲ. ಗಿಡಗಳಲ್ಲಿ ನೀರನ್ನು ಬೇರಿನಿಂದ ಎಲೆಗೆ ಒಯ್ಯುವ ನಾಳಗಳಿರುವವು ಒಂದು ದೊಡ್ಡ ಬಣ. ಆ ಬಣದಲ್ಲಿ ಹೆಚ್ಚಿನವು ಬೀಜ ಬಿಡುತ್ತವೆ. ಆದರೆ ಬೀಜದ ಗಿಡಗಳು ಹುಟ್ಟುವುದಕ್ಕೂ ಎಷ್ಟೋ ಹಿಂದೆ ಬಂದ, ನಾಳವಿದ್ದೂ ಬೀಜವಿಲ್ಲದ ಒಂದು ಹಳೆಯ ಪಂಗಡ ಇದೆ. ಹೂ ಇಲ್ಲ, ಕಾಯಿ ಇಲ್ಲ. ಕಣ್ಣಿಗೆ ಧೂಳಿನಂತೆ ಕಾಣುವ ಸ್ಪೋರ್‌ಗಳಿಂದ ಅವು ಸಂತಾನ ಬೆಳೆಸುತ್ತವೆ. ಜರೀಗಿಡದ ಎಲೆ ಮಗುಚಿದರೆ ಕಂದು ಚುಕ್ಕಿಗಳು ಕಾಣುತ್ತವಲ್ಲ, ಆ ಚುಕ್ಕಿಗಳೊಳಗೆ ಇರುವುದು ಅವೇ. ನಾನು ಓದುವಾಗ ಈ ಪಂಗಡವನ್ನು ನಾಲ್ಕು ಪಾಲು ಮಾಡಿ ಕಲಿಸುತ್ತಿದ್ದರು. ನಾನೂ ವರ್ಷಾನುಗಟ್ಟಲೆ ಹಾಗೇ ಕಲಿಸಿದೆ. ಆಮೇಲೆ ಡಿಎನ್‌ಎ ಹೋಲಿಸಿ ನೋಡುವ ಕಾಲ ಬಂದಾಗ ನಾಲ್ಕು ಪಾಲು ಎರಡಾಯಿತು. ಎಲೆಗೆ ಕವಲಿಲ್ಲದ ಒಂದೇ ನರವಿರುವ ಲೈಕೋಫೈಟ್‌ಗಳು ಒಂದು ಕಡೆ. ಜರೀಗಿಡಗಳು, ಅವುಗಳ ಜೊತೆಗೆ ಕಾವೇರಿ ಮರಳಿನಲ್ಲಿ ಗೆಣ್ಣುಗೆಣ್ಣಾಗಿ ಬೆಳೆಯುವ ಈಕ್ವಿಸೆಟಂ ಕೂಡ, ಇನ್ನೊಂದು ಕಡೆ. ನೋಡಲು ಈಕ್ವಿಸೆಟಂ ಜರೀಗಿಡದ ಹಾಗೆ ಒಂದಿಷ್ಟೂ ಇಲ್ಲ. ಮಾರ್ಸಿಲಿಯವೂ ಇಲ್ಲ. ಆದರೆ ಮಾರ್ಸಿಲಿಯ ಅಪ್ಪಟ ಜರೀಗಿಡವೇ. ಅದರ ಎಳೆ ಚಿಗುರು ಜರೀಗಿಡದ ಚಿಗುರಿನಂತೆಯೇ ಸುರುಳಿ ಸುತ್ತಿಕೊಂಡು ಹುಟ್ಟುತ್ತದೆ.

ಇಷ್ಟೂ ನನಗೆ ಬಾಯಿಪಾಠ. ಪ್ರತಿವರ್ಷ ಹುಡುಗರನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಯಳಂದೂರು ದಾಟಿ ಬಿಳಿಗಿರಿರಂಗನ ಬೆಟ್ಟಕ್ಕೆ ಜರೀಗಿಡ ತೋರಿಸಲು ಹೋಗುತ್ತಿದ್ದೆ. ದಾರಿಯ ಕೆರೆಗಳ ಅಂಚಿನಲ್ಲಿ ಮಾರ್ಸಿಲಿಯ ಹಾಸಿಕೊಂಡು ಬಿದ್ದಿರುತ್ತಿತ್ತು. ಒಂದು ಸಲವೂ ಬಸ್ಸು ನಿಲ್ಲಿಸಿ ಇಳಿದು ಕೆಸರಿಗೆ ಕೈ ಹಾಕಿದವನಲ್ಲ ನಾನು. ನನ್ನ ಸ್ವಂತ ಅಧ್ಯಯನ ಹೂ ಬಿಡುವ ಗಿಡಗಳದು. ಬೀಜವಿಲ್ಲದವುಗಳ ಪಾಠ ನೋಟ್ಸಿನಿಂದ ನೋಟ್ಸಿಗೆ ಬಂದದ್ದು.

'ಆ' ಪೊಟ್ಟಣದ ಕಾಳುಗಳು ಅವರೆಯನ್ನು ಕುಗ್ಗಿಸಿದ ಆಕಾರದಲ್ಲಿದ್ದವು. ಕಪ್ಪು ಕಂದು, ಕಲ್ಲಿನಂತೆ ಗಟ್ಟಿ. ಬ್ಲೇಡಿನಿಂದ ಒಂದನ್ನು ಕತ್ತರಿಸಲು ನೋಡಿದೆ. ಬ್ಲೇಡು ಜಾರಿತು. ಕಾಳು ಚಿಮ್ಮಿ ಬೀರುವಿನ ಅಡಿಗೆ ಹೋಯಿತು. ಬೆಲ್ ಹೊಡೆಯಿತು, ಎರಡನೇ ವರ್ಷದವರಿಗೆ ಕ್ಲಾಸು. ಬಂದು ನೋಡೋಣ ಅಂದುಕೊಂಡೆ. ಬಂದಾಗ ನಾಗೇಂದ್ರ ಕಾಗದಕ್ಕಾಗಿ ಕಾದು ಕೂತಿದ್ದರು. ಬರೆದುಕೊಟ್ಟೆ:

"'ಅ' ಪೊಟ್ಟಣದಲ್ಲಿರುವುದು ಮಾರ್ಸಿಲಿಯ ಎಂಬ ಜರೀಜಾತಿಯ ಸಸ್ಯ. ಇದು ಆಹಾರಯೋಗ್ಯ. ಈ ಜಾತಿಯ ಸಸ್ಯಗಳು ಬೀಜ ಬಿಡುವುದಿಲ್ಲ. ಆದ್ದರಿಂದ 'ಆ' ಪೊಟ್ಟಣದಲ್ಲಿರುವ ಬೀಜಗಳು ಬೇರೆ ಯಾವುದೋ ಸಸ್ಯಕ್ಕೆ ಸೇರಿದವು. ಅವು ವಿಷಕಾರಿಯಲ್ಲ ಎಂದು ಖಚಿತವಾಗಿ ಹೇಳಲಾಗುವುದಿಲ್ಲ."

ನಿಜ ಹೇಳಬೇಕೆಂದರೆ ಆ 'ಆದ್ದರಿಂದ' ಎಂಬ ಮಾತು ಬರೆಯುವಾಗ ನನಗೆ ಸಂತೋಷವೇ ಆಗಿತ್ತು. ಲೆಕ್ಕ ಬಿಡಿಸಿದ ಹಾಗೆ ಸಾಲುಗಳು ಒಂದಕ್ಕೊಂದು ಕೂಡಿಕೊಂಡಿದ್ದವು.

ಹನ್ನೊಂದು ದಿನ ಕಳೆಯಿತು. ಶನಿವಾರ, ಮಧ್ಯಾಹ್ನ ಕಾಲೇಜು ಬಿಡುವ ಹೊತ್ತು. ಜವರಯ್ಯ ಬಂದು, "ಸಾ, ರಾಮಾಪುರದ ಕಡೆಯೋಳಂತ. ಬೆಳಿಗ್ಗಿಂದ ಕೂತವ್ಳ. ಸೊಪ್ಪು ಮಾರೋಳು. ನೀವ್ ಬರ್ದಿರೋ ಕಾಗ್ದ ಇಟ್ಕಂಡವ್ಳ" ಅಂದ.

ಒಳಗೆ ಬಂದವಳು ಐವತ್ತರ ಆಸುಪಾಸಿನ ಹೆಂಗಸು. ಹೆಸರು ಪುಟ್ಟಮಾದಮ್ಮ. ತಲೆಯ ಮೇಲಿನ ಬುಟ್ಟಿಯನ್ನು ಇಳಿಸಿ ಬಾಗಿಲ ಬಳಿಯೇ ಇಟ್ಟಳು. ಒಳಗೇನಿದೆ ಎಂದು ಕಾಣದ ಹಾಗೆ ಗೋಣಿ ಮುಚ್ಚಿತ್ತು. ಸೆರಗಿನ ಗಂಟಿನಿಂದ ನನ್ನ ಪತ್ರದ ಜೆರಾಕ್ಸ್ ತೆಗೆದು ಮೇಜಿನ ಮೇಲೆ ಇಟ್ಟಳು. ಮಡಿಸಿ ಮಡಿಸಿ ಅದು ಬಟ್ಟೆಯ ಹಾಗಾಗಿತ್ತು.

"ಇದ್ನ ಬರ್ದವ್ರು ನೀವೇನಾ ಸಾ?"

"ಹೌದು, ನಾನೇ."

"ನಾನು ಬೇರೆ ಗಿಡದ ಇಸದ ಬೀಜ ಬೆರ್ಸಿವ್ನಿ ಅಂತ ಇದ್ರಲ್ಲಿ ಅದಂತ?"

ವಿಷ ಎಂದು ನಾನು ಬರೆದಿಲ್ಲ, ವಿಷವಲ್ಲ ಎಂದು ಹೇಳಲಾಗುವುದಿಲ್ಲ ಎಂದಷ್ಟೇ ಬರೆದದ್ದು ಎಂದು ಹೇಳಿದೆ. ಆಕೆ ನನ್ನ ಮುಖವನ್ನೇ ನೋಡಿದಳು.

"ಅದ್ಕೂ ಇದ್ಕೂ ಏನ್ ಸಾ ವಿತ್ಯಾಸ?"

ಆಕೆಗೆ ಒಂದು ಸ್ಟೂಲು ಎಳೆದುಕೊಟ್ಟೆ. ಸಂಗತಿ ಏನಾಗಿತ್ತು ಎಂದು ಕೂತು ಕೇಳಿದೆ. ಆ ಹೆಂಗಸು ಇಪ್ಪತ್ತು ವರ್ಷದಿಂದ ಹನೂರು ಸಂತೆಯಲ್ಲಿ ಒಂದೇ ಜಾಗದಲ್ಲಿ ಕೂತು ಸೊಪ್ಪು ಮಾರುವವಳು. ಗಂಡ ತೀರಿಹೋಗಿದ್ದ. ಸೊಪ್ಪಿನ ವ್ಯಾಪಾರದಲ್ಲಿ ತೂಕವಿಲ್ಲ, ಚೀಟಿಯಿಲ್ಲ. ಕೊಳ್ಳುವವರು ಕಟ್ಟು ಬಿಚ್ಚಿ ನೋಡುವುದೂ ಇಲ್ಲ, ಮುಖ ನೋಡಿ ಕೊಳ್ಳುತ್ತಾರೆ. ನಾಗೇಂದ್ರ ಬಂದು ವಿಚಾರಿಸಿ, ನನ್ನ ಕಾಗದದ ಜೆರಾಕ್ಸ್ ಕೊಟ್ಟು ಹೋದಮೇಲೆ ಎರಡು ಸಂತೆಯಾಗಿತ್ತು, ಅವಳ ಬುಟ್ಟಿಯಿಂದ ಒಂದು ಕಟ್ಟು ಎತ್ತಿದವರಿಲ್ಲ. ದಂಟು, ಕೀರೆ, ಹೊನಗೊನೆ ಎಲ್ಲ ಬಾಡಿ ವಾಪಸು ಹೋಗಿತ್ತು. ಪಕ್ಕದ ಸೊಪ್ಪಿನವಳು ತನ್ನ ಗೋಣಿಯನ್ನು ಒಂದು ಮಾರು ಆಚೆಗೆ ಎಳೆದುಕೊಂಡಿದ್ದಳು. ಅದರ ಮೇಲೆ ಸಿದ್ದರಾಜು ಸೋಮವಾರ ಸ್ಟೇಷನ್ನಿಗೆ ದೂರು ಕೊಡುತ್ತೇನೆ ಎಂದು ಹೇಳಿ ಕಳಿಸಿದ್ದರು.

ಈ ನಡುವೆ ಇನ್ನೊಂದು ವಿಷಯವೂ ಆಗಿತ್ತು. ಸಿದ್ದರಾಜು ಮನೆಯ ಸಂಪಿನಿಂದಲೇ ನೀರು ಹಿಡಿಯುತ್ತಿದ್ದ ಪಕ್ಕದ ಮನೆಯ ಇಬ್ಬರಿಗೂ ಅದೇ ಕಾಯಿಲೆ ಬಂದಿತ್ತು. ಅವರು ಆ ಸೊಪ್ಪನ್ನು ಕಣ್ಣಿನಲ್ಲೂ ನೋಡಿದವರಲ್ಲ. ವೈದ್ಯರು ಸಂಪು ತೊಳೆಸಿ ಎಂದಿದ್ದರು, ತೊಳೆಸಿಯೂ ಆಗಿತ್ತು. ಆದರೂ ಸಿದ್ದರಾಜು ಬಿಡಲಿಲ್ಲ. "ನೀರೂ ಕೆಟ್ಟಿರ್ಬೋದು, ಇಲ್ಲ ಅನ್ನಲ್ಲ. ಆದ್ರೆ ಬೇರೆ ಗಿಡದ ಬೀಜ ಅಂತ ಕಾಲೇಜಿನ ಮೇಷ್ಟ್ರೇ ಸೀಲು ಹೊಡ್ದು ಕೊಟ್ಟವ್ರಲ್ಲ, ಅದೆಲ್ಲಿಂದ ಬಂತು?" ಅನ್ನುತ್ತಿದ್ದರು. ತಪ್ಪಲ್ಲ. ಆ ಪ್ರಶ್ನೆಗೆ ಉತ್ತರ ಹೇಳದೆ ಪುಟ್ಟಮಾದಮ್ಮನಿಗೆ ಬಿಡುಗಡೆ ಇರಲಿಲ್ಲ. ಪ್ರಶ್ನೆಯನ್ನು ಹುಟ್ಟಿಸಿದ್ದು ನನ್ನ ಕಾಗದ.

ಆಕೆ ಮತ್ತೆ ಕೇಳಿದಳು. "ಈ ಸೊಪ್ಗ ಬೀಜ ಇಲ್ಲ ಅಂತ ಬರ್ದಿದ್ದೀರಂತಲ್ಲ?"

"ಹೌದು. ಈ ಜಾತಿಗೇ ಬೀಜ ಇಲ್ಲ."

"ಆಯ್ತು ಬುಡಿ, ನೀವು ಓದ್ದವ್ರು. ನಂದೊಂದು ಕೇಳ್ವಿ ಅದ. ನಮ್ಮೂರ ಕೆರ ವರ್ಸಾ ವರ್ಸಾ ಒಣ್ಗೋಯ್ತದ. ಒಣ್ಗಿ ಅಂಗೈಯಗಲ ಬಿರ್ಕು ಬುಡ್ತದ. ಬೇರೂ ಇಲ್ಲ, ಎಲೆನೂ ಇಲ್ಲ, ಏನೂ ಇಲ್ಲ. ಮಳ ಬಂದು ನೀರ್ ನಿಂತ್ ಮೇಲ ಇದು ಎಲ್ಲಿಂದ ಬತ್ತದ ಸಾ?"

ನಾನು ಸ್ಪೋರ್ ಎಂದು ಹೇಳಲು ಬಾಯಿ ತೆರೆದೆ. ಸ್ಪೋರ್ ಎಲ್ಲಿರುತ್ತದೆ ಎಂದು ಆಕೆ ಕೇಳಿದರೆ ಏನು ಹೇಳುವುದು ಎಂದು ಯೋಚಿಸಿದೆ. ಮಾರ್ಸಿಲಿಯದ ಎಲೆಯ ಹಿಂಭಾಗದಲ್ಲಿ ಕಂದು ಚುಕ್ಕಿ ಇಲ್ಲ. ಅದರ ಸ್ಪೋರ್‌ಗಳು ಇರುವುದು ಸ್ಪೋರೋಕಾರ್ಪ್ ಎಂಬ ಗಟ್ಟಿ ಪೆಟ್ಟಿಗೆಯೊಳಗೆ. ಪೆಟ್ಟಿಗೆ ಇರುವುದು ಎಲೆದಂಟಿನ ಬುಡದಲ್ಲಿ. ಅವರೆಕಾಳಿನ ಆಕಾರ. ಒಣಗಿದ ಮೇಲೆ ಬಣ್ಣ ಕಪ್ಪು ಕಂದು.

'ಆ' ಪೊಟ್ಟಣದ ಕಾಳುಗಳು ಕಣ್ಣ ಮುಂದೆ ಬಂದವು.

ಅಷ್ಟರಲ್ಲಿ ಆಕೆ ಎದ್ದುಹೋಗಿ ಬುಟ್ಟಿಯ ಮೇಲಿನ ಗೋಣಿ ತೆಗೆದು, ಎರಡೂ ಕೈಯಲ್ಲಿ ಒಂದು ಹಿಡಿ ಕೆಸರಿನ ಹೆಂಟೆ ತಂದಳು. ಮೇಲೆ ನಾಲ್ಕೆಲೆಯ ಗಿಡ್ಡ ಗಿಡಗಳು. ಹೆಂಟೆಯನ್ನು ಮಗ್ಗುಲಾಗಿ ಒಡೆದಳು. ದಂಟಿನ ಬುಡಬುಡದಲ್ಲಿ, ಸಣ್ಣ ತೊಟ್ಟಿನಲ್ಲಿ, ಕರಿಕಾಳುಗಳು ಅಂಟಿಕೊಂಡಿದ್ದವು.

"ಇದನ್ನ ನಾಗೇಂದ್ರರಿಗೆ ಅವತ್ತೇ ತೋರಿಸಬಹುದಿತ್ತಲ್ಲ ನೀವು?" ಅಂದೆ. ನನ್ನ ತಪ್ಪಿಗೆ ಒಬ್ಬ ಪಾಲುದಾರ ಬೇಕಿತ್ತು ಅಂತ ಕಾಣುತ್ತದೆ.

ಆಕೆ ತಲೆ ತಗ್ಗಿಸಿದಳು. ಆಗ ಹೊರಬಿತ್ತು. ಸೊಪ್ಪು ಕೀಳುವ ಹೆಂಗಸರಲ್ಲಿ ಒಂದು ಕಟ್ಟಳೆ ಇದೆ. ಆರೆಕೀರೆಯನ್ನು ಕೆಸರಿಗಿಂತ ಮೇಲೆ ಉಗುರಿನಲ್ಲಿ ಚಿವುಟಬೇಕು, ಬುಡ ಕೀಳಬಾರದು. ಕಿತ್ತರೆ ಮುಂದಿನ ವರ್ಷ ಕೆರೆ ಬರಿದು. ಅತ್ತೆಯಿಂದ ಸೊಸೆಗೆ ಬಂದ ಮಾತು, ಮೀರಿದವಳನ್ನು ಮಿಕ್ಕವರು ಕೆರೆಗೆ ಸೇರಿಸುವುದಿಲ್ಲ. ಆ ವರ್ಷ ನೀರು ಬೇಗ ಇಳಿದು ದಂಟುಗಳು ಗಿಡ್ಡವಾಗಿದ್ದವು. ಚಿವುಟಿದರೆ ಕಟ್ಟು ಕಟ್ಟುವಷ್ಟು ಉದ್ದ ಬರುತ್ತಿರಲಿಲ್ಲ. ಹಾಗಾಗಿ ಸಂತೆಯ ಹಿಂದಿನ ದಿನ ಒಬ್ಬಳೇ ಹೋಗಿ ಬುಡ ಸಮೇತ ಕಿತ್ತಿದ್ದಳು. ಕಾಳುಗಳು ಕಟ್ಟಿನೊಳಗೆ ಬಂದದ್ದು ಹಾಗೆ. ನಾಗೇಂದ್ರ ಕೇಳಿದಾಗ "ಚಿವುಟಿದ್ದು" ಎಂದು ಹೇಳಿದ್ದಳು. ಅದೊಂದು ಸುಳ್ಳು ಹೇಳಿದ ಮೇಲೆ ಕಾಳಿನ ವಿಷಯ ಬಾಯಿ ಬಿಡುವಂತಿರಲಿಲ್ಲ.

"ಇಸ ಆಕ್ದೋಳು ಅನ್ನುಸ್ಕಂಡ್ರೂ ಸರಿ, ಬುಡ ಕಿತ್ತೋಳು ಅನ್ನುಸ್ಕಬಾರ್ದು ಅಂತ ಒಂದ್ವಾರ ಸುಮ್ಕಿದ್ದಿ ಸಾ. ಇವಾಗ ಎಲ್ಡೂ ಅನ್ನುಸ್ಕಂಡಂಗಾಯ್ತು."

ಜವರಯ್ಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಅವನೂ ಕೆರೆಯ ಪಕ್ಕದಲ್ಲೇ ಬೆಳೆದವನು. "ನೀವ್ ನನ್ ಕೇಳಿದ್ರೆ ನಾನೇ ಏಳ್ತಿದ್ದಿ ಸಾ. ಚಿಕ್ಕೋರಲ್ಲಿ ಇದ್ನ ಸಣ್ ಕುಡ್ಕೇಲಿ ಆಕಂಡು ಗಿಲ್ಕಿ ಮಾಡ್ತಿದ್ವಿ" ಅಂದ. ಇಪ್ಪತ್ತಾರು ವರ್ಷ ಆ ಪ್ರಯೋಗಾಲಯದ ಜಾಡಿಗಳನ್ನು ಒರೆಸಿದವನು ಅವನು. ಅವನನ್ನು ನಾನು ಯಾವತ್ತೂ ಒಂದು ಗಿಡದ ವಿಷಯ ಕೇಳಿರಲಿಲ್ಲ.

ಬೀರು ತೆಗೆದು ನೋಡಿದೆ. ಮೂರನೇ ಸಾಲಿನಲ್ಲಿ 'ಮಾರ್ಸಿಲಿಯ, ಸ್ಪೋರೋಕಾರ್ಪ್ ಸಹಿತ' ಎಂಬ ಚೀಟಿಯ ಜಾಡಿ ಇತ್ತು. ಫಾರ್ಮಲಿನ್ನಿನಲ್ಲಿ ಬಣ್ಣ ಬಿಟ್ಟು ಬಿಳಿಚಿಕೊಂಡು, ಕಾಳು ಯಾವುದು ಕಸ ಯಾವುದು ತಿಳಿಯದ ಹಾಗಿತ್ತು. ಪ್ರತಿವರ್ಷ ನಾನು ಇದೇ ಸ್ಪೋರೋಕಾರ್ಪಿನ ಉದ್ದಸೀಳು ಚಿತ್ರವನ್ನು ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಕುಂಬಳಕಾಯಿಯ ಗಾತ್ರಕ್ಕೆ ಬರೆಯುತ್ತಿದ್ದೆ. ಕುಂಬಳಕಾಯಿ ಗಾತ್ರದಲ್ಲಿ ಗೊತ್ತಿದ್ದದ್ದು ಮೆಣಸುಕಾಳಿನ ಗಾತ್ರದಲ್ಲಿ ಎದುರು ಬಂದಾಗ ಗುರುತು ಸಿಗಲಿಲ್ಲ. ಅದೂ ಬೇರೆ ಪೊಟ್ಟಣದಲ್ಲಿ ಬಂದಿತ್ತು. ಇನ್ನೇನು ಹೇಳಲಿ.

ಹೆಂಟೆಯಿಂದ ಒಂದು ಕಾಳು ಬಿಡಿಸಿ, ಇಕ್ಕಳದಲ್ಲಿ ಹಿಡಿದು ಬ್ಲೇಡಿನಿಂದ ಕೊಯ್ದೆ. ಈ ಸಲ ಬೆಲ್ ಹೊಡೆದಿದ್ದರೂ ಏಳುತ್ತಿರಲಿಲ್ಲ. ಮೈಕ್ರೋಸ್ಕೋಪಿನಡಿ ಬೇಳೆ ಇಲ್ಲ, ಮೊಳಕೆಯ ಕಣ್ಣಿಲ್ಲ. ಸಾಲು ಸಾಲು ಚೀಲ, ಚೀಲದೊಳಗೆ ದೊಡ್ಡವೂ ಸಣ್ಣವೂ ಆದ ಎರಡು ಬಗೆಯ ಸ್ಪೋರ್‌ಗಳು. ದೊಡ್ಡವು ಹೆಣ್ಣು, ಸಣ್ಣವು ಗಂಡು. ಪುಟ್ಟಮಾದಮ್ಮನನ್ನೂ ಕರೆದು ತೋರಿಸಿದೆ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿ, "ಮೀನ್ ಮೊಟ್ಟ ಇದ್ದಂಗದ" ಅಂದಳು. ಮುಂದಿನ ವರ್ಷದಿಂದ ಕ್ಲಾಸಿನಲ್ಲಿ ನಾನೂ ಹಾಗೇ ಹೇಳಿದೆ.

ಹೊಸ ಪತ್ರ ಬರೆದು ಕಳಿಸಬಹುದಿತ್ತು. ಆದರೆ ಮೊದಲ ಪತ್ರ ಮಾಡಿದ ಕೆಲಸವನ್ನು ಎರಡನೇ ಪತ್ರ ಅಳಿಸುತ್ತದೆ ಎಂಬ ನಂಬಿಕೆ ನನಗಿರಲಿಲ್ಲ. ಮೇಷ್ಟ್ರ ಮಾತು ಬದಲಾಯಿತು, ಯಾರೋ ಹೇಳಿಸಿರಬೇಕು ಎಂದು ಜನ ಅಂದುಕೊಳ್ಳುತ್ತಿದ್ದರು. ನಾಗೇಂದ್ರರಿಗೆ ಫೋನು ಮಾಡಿದೆ. ಮರುದಿನ ಭಾನುವಾರ ಬೆಳಿಗ್ಗೆ ನಾಗೇಂದ್ರ, ಪುಟ್ಟಮಾದಮ್ಮ, ನಾನು ಮೂವರೂ ಕಾಮಗೆರೆಯ ಗಿರಣಿಗೆ ಹೋದೆವು. ಬಸ್ಸಿನಲ್ಲಿ ಆಕೆಯ ತೊಡೆಯ ಮೇಲೆ ಹೆಂಟೆಯ ಬುಟ್ಟಿ.

ಭಾನುವಾರ ಗಿರಣಿಯಲ್ಲಿ ಜನ ಹೆಚ್ಚು. ರಾಗಿಯ ಡಬ್ಬಗಳು ಸಾಲಾಗಿ ಕಾಯುತ್ತಿದ್ದವು. ಪುಟ್ಟಮಾದಮ್ಮ ಒಳಗೆ ಕಾಲಿಟ್ಟ ಕೂಡಲೇ ಮಾತು ನಿಂತಿತು, ಗಿರಣಿ ಮಾತ್ರ ಓಡುತ್ತಿತ್ತು. ಸಿದ್ದರಾಜು ಮೋಟಾರಿನ ಬೆಲ್ಟು ಇಳಿಸಿ ಅದನ್ನೂ ನಿಲ್ಲಿಸಿದರು. ಮೀಸೆಯ ಮೇಲೆಲ್ಲ ಹಿಟ್ಟು.

"ಏನ್ ಮೇಷ್ಟ್ರೇ, ಇವ್ಳನ್ನ ಕಟ್ಕಂಡು ಬಂದ್ಬುಟ್ರಿ?"

"ನಾನು ಬರೆದ ಕಾಗದದಲ್ಲಿ ಒಂದು ತಪ್ಪಾಗಿದೆ. ಅದನ್ನ ನಿಮ್ಮ ಮುಂದೇ ತೋರಿಸಿ ಹೋಗೋಣ ಅಂತ" ಅಂದೆ.

ಹೆಂಟೆ ತೋರಿಸಿದೆ. ಎಲೆ, ದಂಟು, ಬುಡ, ಬುಡದಲ್ಲಿ ಕಾಳು. ಸಿದ್ದರಾಜು ಬಗ್ಗಿ ನೋಡಿ ತಲೆಯಾಡಿಸಿದರು. ಆದರೆ ಸಾಲಿನಲ್ಲಿದ್ದ ಒಬ್ಬ ದಪ್ಪ ಹೆಂಗಸು, "ಅಂಟ್ಸ್ಕಂಡು ಬಂದಿದ್ರ?" ಅಂದಳು. ಕೆಲವರು ನಕ್ಕರು. ಅನುಮಾನ ಅಂದರೆ ಹಾಗೇ. ನಾನು ಒಂದು ಲೋಟ ನೀರು ಕೇಳಿದೆ. ಸ್ಪೋರೋಕಾರ್ಪಿನ ಸಿಪ್ಪೆಗೆ ಒಂದು ಕಡೆ ಗಾಯ ಮಾಡಿ ನೀರಿಗೆ ಹಾಕಿದರೆ ಅದು ತೆರೆದುಕೊಳ್ಳುತ್ತದೆ ಎಂದು ಪುಸ್ತಕದಲ್ಲಿ ಇದೆ. ನಾನು ಪಾಠ ಮಾಡಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಬರುವ ಅವಸರದಲ್ಲಿ ಬ್ಲೇಡು ತರುವುದನ್ನೂ ಮರೆತಿದ್ದೆ.

ಸಿದ್ದರಾಜು ತಾಯಿ ಕೆಂಪಮ್ಮ ಮೂಲೆಯಲ್ಲಿ ಗೋಣಿಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದರು. ಕಾಯಿಲೆ ಬಿದ್ದು ಎದ್ದವರಲ್ಲಿ ಒಬ್ಬರು ಅವರೇ. ಮಡಿಲಿನಿಂದ ಅಡಕತ್ತರಿ ತೆಗೆದು ನನ್ನತ್ತ ಚಾಚಿದರು. "ತಕ್ಕಳಿ. ಇದ್ರಲ್ಲಿ ಆಗ್ದಿದ್ದು ಯಾವ್ದೂ ಇಲ್ಲ."

ಮೊದಲ ಕಾಳಿನ ಅಂಚು ಕತ್ತರಿಸಿ ನೀರಿಗೆ ಹಾಕಿದೆ. ಹತ್ತು ನಿಮಿಷ ಕಾದೆವು. ಏನೂ ಆಗಲಿಲ್ಲ. ಎಳೆಯದು ಇರಬೇಕು. ಎರಡನೆಯದನ್ನು ಕೆಂಪಮ್ಮನೇ ಆರಿಸಿಕೊಟ್ಟರು, ಚೆನ್ನಾಗಿ ಬಲಿತದ್ದು. ಅದನ್ನು ಹಾಕಿದೆ.

"ಮೇಷ್ಟ್ರು ಮ್ಯಾಜಿಕ್ ಮಾಡಕ್ಕ ಬಂದವ್ರ ಕಣ್ರೋ" ಅಂದ ಶಾಗ್ಯ ಊರಿನವನೊಬ್ಬ.

"ಸುಮ್ಕಿರ್ಲಾ, ನಿನ್ ರಾಗಿ ಸರದಿ ಇನ್ನೂ ಬಂದಿಲ್ಲ" ಎಂದರು ಕೆಂಪಮ್ಮ.

ಹದಿನೈದು ನಿಮಿಷವಾಗಿರಬೇಕು. ಪುಟ್ಟಮಾದಮ್ಮ ಲೋಟದ ಕಡೆ ನೋಡುತ್ತಲೇ ಇರಲಿಲ್ಲ, ಬಾಗಿಲ ಹೊರಗೆ ನೋಡುತ್ತ ನಿಂತಿದ್ದಳು. ನಾನು ಮೂರನೆಯದನ್ನು ಕೈಗೆತ್ತಿಕೊಂಡೆ. ಆಗ ಆ ದಪ್ಪ ಹೆಂಗಸೇ ಕೂಗಿದ್ದು.

"ಉಳಾ! ಉಳಾ ಬತ್ತಾದ!"

ಕಾಳು ಎರಡು ಚಿಪ್ಪಾಗಿ ಬಾಯಿ ಬಿಟ್ಟಿತ್ತು. ಒಳಗಿಂದ ತಿಳಿ ಲೋಳೆಯ ಒಂದು ಎಳೆ ಮೆಲ್ಲಗೆ ಹೊರಗೆ ಬರುತ್ತಿತ್ತು. ಉಬ್ಬಿ ಉಬ್ಬಿ ಬೆರಳುದ್ದಕ್ಕೆ ಬೆಳೆದು, ಅದರ ಎರಡೂ ಕಡೆ ಬಿಳಿ ಮಣಿ ಪೋಣಿಸಿದಂತೆ ಸಣ್ಣ ಚೀಲಗಳು ಕಂಡವು. ಅಷ್ಟು ಸಣ್ಣ ಕಾಳಿನೊಳಗೆ ಅಷ್ಟುದ್ದದ್ದು ಹೇಗಿತ್ತು ಎಂದು ನನಗೂ ಆಶ್ಚರ್ಯವೇ. ಎಲ್ಲರೂ ಲೋಟದ ಸುತ್ತ ಬಗ್ಗಿದ್ದರು.

ಕೆಂಪಮ್ಮ ಕಣ್ಣು ಕಿರಿದು ಮಾಡಿ ನೋಡಿ, "ಉಳ ಅಲ್ಲ ಕಣೇ. ಸಬ್ಬಕ್ಕಿ ಪಾಯಸ ಇದ್ದಂಗದ" ಅಂದರು. ಆಮೇಲೆ ಮಗನ ಕಡೆ ತಿರುಗಿ, "ಲೇ ಸಿದ್ರಾಜ, ಅವರೆಕಾಳ್ ಒಡದ್ರ ಇಂಗ್ ಬತ್ತದೇನ್ಲಾ? ಇದು ಬೀಜ ಅಲ್ಲ. ಆ ಸೊಪ್ಪಿಂದೇ ಇದು. ಆ ಎಣ್ಮಗಳ್ನ ಯಾಕ್ಲಾ ಅಂಗಂದೆ?" ಎಂದರು.

ಸಿದ್ದರಾಜು ಹೆಗಲ ಮೇಲಿನ ಟವೆಲಿನಿಂದ ಮುಖದ ಹಿಟ್ಟು ಒರೆಸಿಕೊಂಡರು. "ನಾನೆಲ್ಲಿ ಅಂದೆ, ಮೇಷ್ಟ್ರ ಕಾಗ್ದ ಅಂತು" ಅಂದರು. ಮಾತು ಸರಿಯಾಗಿಯೇ ಇತ್ತು. ದೂರು ಕೊಡುವುದಿಲ್ಲ, ಆದರೆ ಕಾಗದ ಸರಿಮಾಡಿಕೊಡಿ ಎಂದರು.

ಅಲ್ಲೇ ಗಿರಣಿಯ ಮೇಜಿನ ಮುಂದೆ ಕೂತು ಬರೆದೆ. ಇಪ್ಪತ್ತಾರು ವರ್ಷ ಸರ್ಕಾರಿ ಕಾಗದ ಬರೆದ ಕೈ. ತಾನಾಗಿ ಹರಿಯಿತು: "ಹೆಚ್ಚಿನ ಪರಿಶೀಲನೆಯ ನಂತರ ಕಂಡುಬಂದಿರುವುದೇನೆಂದರೆ, 'ಆ' ಪೊಟ್ಟಣದಲ್ಲಿದ್ದ ವಸ್ತುಗಳು 'ಅ' ಪೊಟ್ಟಣದ ಸಸ್ಯದ್ದೇ ಸ್ಪೋರೋಕಾರ್ಪ್‌ಗಳಾಗಿದ್ದು, ಬೀಜಗಳಲ್ಲ. ಬೇರೆ ಯಾವುದೇ ಸಸ್ಯದ ಅಂಶ ಮಾದರಿಯಲ್ಲಿ ಇರುವುದಿಲ್ಲ." ನಾಗೇಂದ್ರ ಅದನ್ನು ಗಟ್ಟಿಯಾಗಿ ಓದಿದರು. ಪುಟ್ಟಮಾದಮ್ಮನಿಗೆ ಓದಲು ಬಾರದು. ಗಮನವಿಟ್ಟು ಕೇಳಿದಳು.

"ಇದ್ರಲ್ಲಿ ತಪ್ಪು ಯಾರ್ದು ಅಂತ ಎಲ್ಲದ ಸಾ?"

ನಾಗೇಂದ್ರ, "ಅದೆಲ್ಲ ಹಾಕೋಕೆ ಬರಲ್ಲಮ್ಮ, ಇದು ಅಭಿಪ್ರಾಯ ಪತ್ರ" ಎಂದರು.

"ತಪ್ಪೇ ಇಲ್ಲ ಅಂದ್ರ ಇನ್ನೊಂದ್ ಕಾಗ್ದ ಯಾಕ ಬೇಕಾಯ್ತು?" ಅಂದಳು ಆಕೆ. ಆಮೇಲೆ ನನ್ನ ಕಡೆ ತಿರುಗಿ, "ಬುಡ ಸಮೇತ ಕಿತ್ತುದ್ದು ನಂದು ತಪ್ಪು. ಚಿವುಟ್ದೆ ಅಂತ ಸುಳ್ ಏಳುದ್ದೂ ನಂದೇ. ಬರ್ಕಳಿ. ಕಾಳ್ನ ಬೇರೆ ಗಿಡದ್ದು ಅಂದುದ್ದು ನಿಮ್ದು. ಅದ್ನೂ ಬರ್ಕಳಿ. ಒಂದೇ ಬರುದ್ರ ಯಾರೂ ನಂಬಾಕಿಲ್ಲ ಸಾ. ಎಲ್ಡೂ ಇದ್ರ ನಂಬ್ತಾರ."

ಬುಡ ಕಿತ್ತವಳು ಎಂಬ ಮಾತನ್ನು ಮರೆಮಾಡಲೆಂದೇ ಒಂದು ವಾರ ವಿಷದ ಆರೋಪ ಹೊತ್ತವಳು ಈಗ ಅದನ್ನು ಹತ್ತು ಜನರ ಎದುರು ತಾನೇ ಹೇಳಿದ್ದಳು. ನನ್ನದನ್ನು 'ಹೆಚ್ಚಿನ ಪರಿಶೀಲನೆ'ಯ ಹಿಂದೆ ಬಚ್ಚಿಡಲು ಮನಸ್ಸು ಬರಲಿಲ್ಲ. ಹಾಳೆ ಹರಿದು ಬೇರೆ ಬರೆದೆ. "ಕಾಳುಗಳನ್ನು ಕೊಯ್ದು ನೋಡದೆ, ಸಸ್ಯ ದೊರೆತ ಸ್ಥಳವನ್ನು ವಿಚಾರಿಸದೆ ನಾನು ಮೊದಲ ಅಭಿಪ್ರಾಯ ನೀಡಿದ್ದೆ. ಅದು ತಪ್ಪು, ಮತ್ತು ಆ ತಪ್ಪು ನನ್ನದು. ಸೊಪ್ಪನ್ನು ಚಿವುಟದೆ ಬುಡ ಸಮೇತ ಕಿತ್ತದ್ದರಿಂದ ಸಸ್ಯದ್ದೇ ಕಾಳುಗಳು ಕಟ್ಟಿನಲ್ಲಿ ಬಂದಿವೆ ಎಂದು ಮಾರಾಟಗಾರರಾದ ಪುಟ್ಟಮಾದಮ್ಮನವರು ತಿಳಿಸಿರುತ್ತಾರೆ."

ಮುಂದಿನ ಸಂತೆಗೆ ನಾನೇ ಹನೂರಿಗೆ ಹೋದೆ. ಆಕೆ ಅದೇ ಜಾಗದಲ್ಲಿದ್ದಳು. ಜನ ಮೊದಲಿನಷ್ಟು ಇರಲಿಲ್ಲ, ಆದರೆ ಇದ್ದರು. ಬುಟ್ಟಿಯ ಮುಂದೆ ಒಂದು ಹೆಂಟೆ ಕೆಸರನ್ನು ತಟ್ಟೆಯಲ್ಲಿಟ್ಟಿದ್ದಳು, ಕಾಳು ಕಾಣುವ ಹಾಗೆ. ಕೇಳಿದವರಿಗೆ, "ಇದು ಇದ್ರದ್ದೇ ಮೊಟ್ಟ. ಕಾಲೇಜ್ ಮೇಷ್ಟ್ರಿಗೇ ಗೊತ್ತಿರ್ನಿಲ್ಲ, ನಿಮ್ಗೆಲ್ಲಿ ಗೊತ್ತಾದದು" ಅನ್ನುತ್ತಿದ್ದಳು. ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನನ್ನು ಕಂಡ ಮೇಲೂ ಆ ಮಾತನ್ನು ಇನ್ನಿಬ್ಬರಿಗೆ ಹೇಳಿದಳು. ಊರಿನ ಸೊಪ್ಪಿನ ಹೆಂಗಸರು ಒಂದು ಮಳೆಗಾಲ ಆಕೆಯನ್ನು ಕೆರೆಗೆ ಸೇರಿಸಲಿಲ್ಲವೆಂದು ಆಮೇಲೆ ಜವರಯ್ಯನಿಂದ ತಿಳಿಯಿತು. ಆ ವರ್ಷ ಹಿತ್ತಲಿನ ದಂಟು ಕೀರೆಯನ್ನಷ್ಟೇ ಮಾರಿದಳಂತೆ. ಅದಕ್ಕೆ ಆಕೆ ತಕರಾರು ಮಾಡಲಿಲ್ಲ.

ಆ ಲೋಟದ ನೀರನ್ನು ನಾನು ಒಂದು ಬಾಟಲಿಯಲ್ಲಿ ಕಾಲೇಜಿಗೆ ತಂದಿದ್ದೆ. ವಾರದೊಳಗೆ ತಳದಲ್ಲಿ ಹಸಿರು ಎಳೆಗಳು ಕಂಡವು. ಮೊದಲ ಎಲೆಗಳು ಸೂಜಿಯ ಹಾಗಿದ್ದವು. ನಾಲ್ಕೆಲೆ ಬರಲು ಬಹಳ ದಿನ ಹಿಡಿಯಿತು. ಎಳೆಯದನ್ನು ಮಾತ್ರ ಯಾರಾದರೂ ತಂದು ಇದ್ಯಾವುದು ಎಂದು ಕೇಳಿದ್ದರೆ ನಾನು ಹುಲ್ಲು ಅಂದುಬಿಡುತ್ತಿದ್ದೆನೋ ಏನೋ.

ವಿಂಗಡಿಸುವುದೇ ನನ್ನ ಕಸುಬಾಗಿತ್ತು. ಇದು ಇದರ ಪಾಲು, ಅದು ಅದರ ಪಾಲು ಎಂದು ಬೇರೆ ಬೇರೆ ಇಡುವುದು. ಪುಸ್ತಕಗಳಲ್ಲಿ ಆ ಪಾಲುಗಳು ನನ್ನ ಕಾಲದಲ್ಲೇ ಅದಲು ಬದಲಾದವು, ಇನ್ನೂ ಆಗುತ್ತವೆ. ಅದಕ್ಕೆ ನನಗೆ ಬೇಸರವಿಲ್ಲ. ಆದರೆ ಆ ಫೆಬ್ರವರಿಯಾದ ಮೇಲೆ ನಿವೃತ್ತಿಯ ದಿನದವರೆಗೆ, ಯಾರೇ ಪೊಟ್ಟಣ ತಂದರೂ ಬಿಚ್ಚುವ ಮೊದಲು ಎರಡು ಮಾತು ಕೇಳುತ್ತಿದ್ದೆ. ಇದನ್ನು ಎಲ್ಲಿಂದ ಕಿತ್ತಿರಿ, ಯಾರು ಕಿತ್ತರು. ಸಾಧ್ಯವಾದರೆ ಕಿತ್ತವರನ್ನೇ ಕರೆತನ್ನಿ ಅನ್ನುತ್ತಿದ್ದೆ.

ಎರಡನೇ ಪತ್ರದ ಪ್ರತಿ ಈಗಲೂ ನನ್ನ ಫೈಲಿನಲ್ಲಿದೆ. ಕೆಳಗೆ ನನ್ನ ಸಹಿ, ಅದರ ಪಕ್ಕದಲ್ಲಿ ಪುಟ್ಟಮಾದಮ್ಮನ ಹೆಬ್ಬೆಟ್ಟು. ಅಭಿಪ್ರಾಯ ಪತ್ರಕ್ಕೆ ಹೆಬ್ಬೆಟ್ಟು ಬೇಕಾಗುವುದಿಲ್ಲ ಎಂದು ನಾಗೇಂದ್ರ ಹೇಳಿದ್ದರು. ಇರಲಿ ಬಿಡಿ, ಅರ್ಧ ಅಭಿಪ್ರಾಯ ಅವರದ್ದೇ ಎಂದಿದ್ದೆ.